ಸುಣ್ಣದ ಡಬ್ಬಿಯ ಭಾರ

ಏಳು ಹೊಳೆ ದಾಟಿ ಹುಡುಕಿದವರಿಗೆ ಸಿಗದ, ಹುಡುಕದೆ ನಡೆದವರ ಕಾಲಿಗೆ ತಾನಾಗಿ ತೊಡರುವ ಊರೊಂದಿತ್ತಂತೆ. ಆ ಊರಿನ ಕೆಳಪೇಟೆಯಲ್ಲಿ ಒಬ್ಬಳು ಹುಡುಗಿ ಇದ್ದಳಂತೆ. ಎಷ್ಟು ದಪ್ಪ ಅಂದರೆ, ಅವಳು ಬಾಗಿಲಿಗೆ ಬಂದು ನಿಂತರೆ ಒಳಗಿದ್ದವರು ಸಂಜೆಯಾಯಿತೆಂದು ದೀಪ ಹಚ್ಚುತ್ತಿದ್ದರಂತೆ. ನಾನು ತಟ್ಟೆಯ ಮುಂದೆ ಕೂತಾಗಲೆಲ್ಲ ಅಜ್ಜಿ ಹೀಗೇ ಕಥೆ ಶುರುಮಾಡುತ್ತಿದ್ದಳು. "ಆಮೇಲೆ?" ಅಂತ ಕೇಳಿದರೆ, "ಆಮೇಲೇನು, ಆ ಹುಡುಗಿ ಇನ್ನೊಂದು ಮುದ್ದೆಗೆ ಕೈ ಹಾಕಿದಳು," ಅನ್ನುವಳು. ನಾನು ನಗುತ್ತಾ ಬೆಳೆದೆ. ಬೆಳೆದದ್ದು ಸ್ವಲ್ಪ ಹೆಚ್ಚೇ ಆಯಿತು.

ಆ ಹುಡುಗಿ ನಾನು. ಅಜ್ಜಿ ಇಟ್ಟ ಹೆಸರು ಕನಕಾಂಬರಿ. ಮನೆಯಲ್ಲಿ ಅಂಬರಿ ಅನ್ನುತ್ತಾರೆ, ಬೀದಿಯವರು ಅದನ್ನು ಸ್ವಲ್ಪ ಎಳೆದು ಅಂಬಾರಿ ಅನ್ನುತ್ತಾರೆ. ಇಪ್ಪತ್ತಾರನೆಯ ವಯಸ್ಸಿಗೆ ನೂರ ಇಪ್ಪತ್ತನಾಲ್ಕು ಕೆಜಿ ಇದ್ದೆ. ಸಕ್ಕರೆ ಕಾಯಿಲೆ ಬಂದಿತ್ತು. ಮಂಡಿಗಳು ಕೂತರೂ ಎದ್ದರೂ ಒಣ ಹಂಚಿಕಡ್ಡಿಯ ಹಾಗೆ ಲಟಲಟ ಅನ್ನುತ್ತಿದ್ದವು. ಆದರೆ ನಾನು ಆಪರೇಷನ್ನಿಗೆ ಒಪ್ಪಿದ್ದು ಸಕ್ಕರೆಗೂ ಅಲ್ಲ, ಮಂಡಿಗೂ ಅಲ್ಲ. ಅಜ್ಜಿಗೆ ಕೊಟ್ಟ ಮಾತಿಗೆ.

ಅಜ್ಜಿಯ ಹೆಸರು ದೇವೀರಮ್ಮ. ಮೂರು ವರ್ಷದಿಂದ ನಡುಮನೆಯ ಮಂಚ ಬಿಟ್ಟು ಇಳಿದಿಲ್ಲ. ಒಂದು ಮಧ್ಯಾಹ್ನ, ಅತ್ತಿಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ನನ್ನ ಕಿವಿ ಹಿಡಿದು ಹತ್ತಿರಕ್ಕೆಳೆದು ಹೇಳಿದಳು. ನಲವತ್ತೆರಡು ವರ್ಷದ ಹಿಂದೆ ಅವಳು ಗುಡ್ಡದ ಮೇಲಿನ ಮೇಲುಪೇಟೆಯಲ್ಲಿದ್ದಳು. ಪಕ್ಕದ ಮನೆಯ ಚೌಡಮ್ಮ ಅವಳ ಜೀವದ ಗೆಳತಿ. ಚೌಡಮ್ಮನ ಹತ್ತಿರ ಒಂದು ಬೆಳ್ಳಿಯ ಸುಣ್ಣದ ಡಬ್ಬಿ ಇತ್ತು, ನೆಲ್ಲಿಕಾಯಿ ಗಾತ್ರದ್ದು, ಮುಚ್ಚಳದ ಮೇಲೆ ಒಂದು ಗಿಳಿ.

"ಕದ್ದೆ ಕಣೇ. ಬಡತನಕ್ಕಲ್ಲ, ದ್ವೇಷಕ್ಕಲ್ಲ. ಆ ಗಿಳಿ ನನ್ನನ್ನೇ ನೋಡ್ತಿತ್ತು. ಆಮೇಲೆ ಅವಳು ಕೇಳಿದ್ಳು, ನಾನು ನೋಡೇ ಇಲ್ಲ ಅಂದೆ. ಅಂದ ಮೇಲೆ ಅಲ್ಲಿರೋಕೆ ಆಗಲಿಲ್ಲ. ಇಳಿದು ಬಂದವಳು ಮತ್ತೆ ಹತ್ತಲಿಲ್ಲ."

"ಅಣ್ಣನ ಕೈಲಿ ಕಳಿಸು ಅಜ್ಜಿ."

"ಅವನು ಹೆಂಡತಿಗೆ ಹೇಳ್ತಾನೆ. ಅವಳು ಊರಿಗೆ ಹೇಳ್ತಾಳೆ. ನೀನೇ ಹೋಗಬೇಕು. ಅವಳ ಕೈಗೆ ಇಟ್ಟು, ಕದ್ದವಳು ದೇವೀರಿ ಅಂತ ಬಾಯಿಬಿಟ್ಟು ಹೇಳಬೇಕು."

ಮೇಲುಪೇಟೆಗೆ ರಸ್ತೆ ಇಲ್ಲ. ಮುನ್ನೂರ ಹತ್ತು ಮೆಟ್ಟಿಲು. ನನಗೆ ಇಪ್ಪತ್ತನೆಯ ಮೆಟ್ಟಿಲಿಗೇ ಉಸಿರು ಕಟ್ಟಿ ಕಣ್ಣು ಕತ್ತಲೆ ಬರುತ್ತಿತ್ತು. ಅದನ್ನೇ ಹೇಳಿದೆ. "ಹಂಗಾದ್ರೆ ಹತ್ತೋ ಹಂಗೆ ಆಗು," ಅಂದಳು ಅಜ್ಜಿ. "ಆಗ್ತೀನಿ, ಹೋಗ್ತೀನಿ," ಅಂದೆ. ಡಬ್ಬಿ ತೋರಿಸು ಅಂದರೆ ತೋರಿಸಲಿಲ್ಲ. ಹೋಗುವ ದಿನ ಕೊಡುತ್ತಾಳಂತೆ.

ಈಗ ನಮ್ಮೂರಿನ ವಿಷಯ ಹೇಳಬೇಕು. ನಮ್ಮೂರಲ್ಲಿ ಒಬ್ಬರ ಮೈಯಿಂದ ಇಳಿದ ತೂಕ ಎಲ್ಲಿಗೂ ಹೋಗುವುದಿಲ್ಲ. ಅದೇ ಮನೆಯ ಯಾವುದಾದರೂ ಒಂದು ವಸ್ತುವಿಗೆ ಹೋಗಿ ಸೇರುತ್ತದೆ. ಯಾವುದಕ್ಕೆ ಅಂತ ಮೊದಲೇ ಹೇಳುವ ಹಾಗಿಲ್ಲ. ಜ್ವರ ಬಂದು ಸೊರಗಿದ ಒಬ್ಬ ಮೇಷ್ಟರ ತೂಕ ಅವರ ಕನ್ನಡಕಕ್ಕೇ ಸೇರಿ, ಪಾಪ, ಅವರು ಉಳಿದ ಆಯಸ್ಸನ್ನೆಲ್ಲ ಬೇರೆಯವರ ಕೈಲಿ ಪತ್ರಿಕೆ ಓದಿಸಿಕೊಂಡು ಕಳೆದರು. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಬಾಣಂತಿಯ ತೂಕ ಕಾಫಿ ಸೋಸುವ ಜರಡಿಗೆ ಹೋಯಿತು. ಆದ್ದರಿಂದ ಯಾರಾದರೂ ಇಳಿಯುತ್ತಿದ್ದಾರೆಂದರೆ ಆ ಮನೆಯವರು ಶುಕ್ರವಾರ ಶುಕ್ರವಾರ ಎಲ್ಲ ಸಾಮಾನನ್ನೂ ಒಂದೊಂದಾಗಿ ಎತ್ತಿ ನೋಡುತ್ತಾರೆ. ಬೀದಿಯಲ್ಲಿ ಸಿಕ್ಕವರು ಚೆನ್ನಾಗಿದ್ದೀರಾ ಅಂತ ಕೇಳುವುದಿಲ್ಲ, "ಸಿಕ್ತಾ?" ಅಂತಾರೆ. ಸಿಕ್ಕಿದರೆ ಅರಿಶಿನ ಕುಂಕುಮ ಹಚ್ಚಿ, ಗೋಡೆಯ ಗೂಡಿನಲ್ಲಿಟ್ಟು, ಮೇಲೆ ಗಾರೆ ಮೆತ್ತಿಬಿಡುತ್ತಾರೆ. ಹೊಸ್ತಿಲು ದಾಟಿದರೆ ತೂಕ ಆಸಾಮಿಗೆ ವಾಪಸ್ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ನಮ್ಮೂರ ಮನೆಗಳ ಗೋಡೆ ನೋಡಿ. ತೇಪೆ ಇಲ್ಲದ ಗೋಡೆ ಇಲ್ಲ.

ಆಪರೇಷನ್ ಮಾಡಿದವರು ಡಾಕ್ಟರ್ ಗುರುಪಾದಪ್ಪ. ಮೊದಲೇ ಚಿತ್ರ ಬರೆದು ತೋರಿಸಿದ್ದರು. ಜಠರದ ಮೇಲ್ತುದಿಯನ್ನು ಕತ್ತರಿಸಿ ಕೋಳಿಮೊಟ್ಟೆಯಷ್ಟು ಸಣ್ಣ ಚೀಲ ಮಾಡುತ್ತಾರಂತೆ. ಸಣ್ಣ ಕರುಳನ್ನು ಒಂದು ಕಡೆ ಕತ್ತರಿಸಿ, ಕೆಳಗಿನ ತುದಿಯನ್ನು ಎತ್ತಿ ಆ ಚೀಲಕ್ಕೆ ಜೋಡಿಸುತ್ತಾರಂತೆ. ಮೇಲಿನ ತುದಿಯನ್ನು ನೂರು ಸೆಂಟಿಮೀಟರು ಆಚೆ ಮತ್ತೆ ಸೇರಿಸುತ್ತಾರಂತೆ. ತಿಂದದ್ದು ಹಳೆಯ ಹಾದಿ ಬಿಟ್ಟು ಒಳದಾರಿ ಹಿಡಿಯುತ್ತದೆ. ಇಷ್ಟೆಲ್ಲ ಆಗುವುದು ಐದು ಸಣ್ಣ ತೂತಿನಿಂದ.

ನನಗೆ ಆ ಐದು ತೂತಿನ ಮೇಲೆಯೇ ಮೊದಲ ಅನುಮಾನ. ಎಚ್ಚರವಾದ ಮೇಲೆ ಪ್ಲಾಸ್ಟರ್ ಎಣಿಸಿದೆ, ಐದೇ ಇದ್ದವು, ಒಂದೊಂದೂ ಕಡಲೆಕಾಳಿನ ಗಾತ್ರದ್ದು. ಇಷ್ಟರಲ್ಲಿ ಕೈ ಹೋಗುವುದಿಲ್ಲ, ಬೆರಳೂ ಹೋಗುವುದಿಲ್ಲ. ಒಳಗೆ ಇಷ್ಟೊಂದು ಕತ್ತರಿಸಿ ಹೊಲಿದರೆಂದು ಹೇಗೆ ನಂಬುವುದು? ಅಜ್ಜಿಯ ಕಥೆಯೊಂದರಲ್ಲಿ ಒಬ್ಬ ಮಾಟಗಾರ ರಾಣಿಯ ಹೊಟ್ಟೆಯ ಮೇಲೆ ಕತ್ತಿ ಆಡಿಸಿದ ಹಾಗೆ ಮಾಡಿ, ಅವಳಿಗೆ ಹೊಸ ಹೃದಯ ಹಾಕಿದೆ ಅಂತ ಹೇಳಿ ಆನೆ ಬಹುಮಾನ ತಗೊಂಡು ಹೋಗುತ್ತಾನೆ. ಮಂಪರಿನಲ್ಲಿ ಅದೇ ನೆನಪಾಗುತ್ತಿತ್ತು.

ಮೊದಲ ಎರಡು ವಾರ ಬರೀ ನೀರು, ತಿಳಿ ಸಾರು, ಮಜ್ಜಿಗೆ. ಚಿಕ್ಕ ಲೋಟದಲ್ಲಿ ಗುಟುಕು ಗುಟುಕಾಗಿ. ಒಂಬತ್ತು ಕೆಜಿ ಇಳಿಯಿತೆಂದು ಆಸ್ಪತ್ರೆಯ ತೂಕದ ಯಂತ್ರ ಹೇಳಿತು. ಮೂರನೆಯ ವಾರ ಮುಳ್ಳು ನಿಂತಿತು. ನಾಲ್ಕನೆಯ ವಾರವೂ ಅಲ್ಲೇ. ಐದನೆಯ ವಾರವೂ ನೂರ ಹದಿನೈದು. ಮೂರು ಚಮಚ ಬೇಳೆಗಂಜಿ ಕುಡಿದರೆ ಎದೆಗೂಡಿನ ಕೆಳಗೆ ಕಲ್ಲಿಟ್ಟ ಹಾಗಾಗುತ್ತದೆ, ತಿನ್ನುವುದು ಅಷ್ಟೇ. ಆದರೂ ಇಳಿಯುವುದಿಲ್ಲ ಅಂದರೆ ಏನರ್ಥ? ಹೊಲಿಗೆ ಬಿಚ್ಚಿಕೊಂಡಿರಬೇಕು. ಇಲ್ಲವೇ ನೂರು ಸೆಂಟಿಮೀಟರು ಅಂದವರು ಬೇಸರವಾಗಿ ಐವತ್ತಕ್ಕೇ ಜೋಡಿಸಿರಬೇಕು. ಅದೇ ದಿನ ಇನ್ನೊಬ್ಬಾಕೆಗೂ ಆಪರೇಷನ್ ಇತ್ತು, ಅವಳದು ಬರೀ ಪಿತ್ತಕೋಶದ ಕಲ್ಲು. ಫೈಲು ಅದಲುಬದಲಾಗಿ ನನ್ನ ಕರುಳು ಅವಳಿಗೆ ಕತ್ತರಿಸಿ, ಅವಳ ಕಲ್ಲು ನನ್ನಲ್ಲಿ ಹುಡುಕಿದರೋ ಏನೋ!

ಇದಕ್ಕಿಂತ ದೊಡ್ಡ ಸಾಕ್ಷಿ ಮನೆಯಲ್ಲಿತ್ತು. ಯಾವುದೂ ಭಾರವಾಗಿರಲಿಲ್ಲ. ಐದು ಶುಕ್ರವಾರ ಅತ್ತಿಗೆಯೂ ನಾನೂ ಮನೆ ಜಾಲಾಡಿದೆವು. ಕುಕ್ಕರ್ ಎತ್ತಿದೆವು, ಈಳಿಗೆಮಣೆ ಎತ್ತಿದೆವು, ದೇವರ ಗಂಟೆ, ಸೌಟು, ಸೂಜಿಡಬ್ಬಿ, ಕ್ಯಾಲೆಂಡರ್, ಅಣ್ಣನ ಚಪ್ಪಲಿ, ಬಾಚಣಿಗೆ. ಒಂಬತ್ತು ಕೆಜಿ ಸೇರಿದ ಬಾಚಣಿಗೆಯಾದರೆ ಗೊತ್ತಾಗದೆ ಇರುತ್ತದೆಯೇ? ಅಜ್ಜಿಯ ಎಲೆಅಡಿಕೆ ಸಂಚಿಯನ್ನು ಮಾತ್ರ ನಾವು ಮುಟ್ಟಲಿಲ್ಲ. ಅದನ್ನು ಯಾರು ಮುಟ್ಟಿದರೂ ಅವಳಿಗೆ ಆಗುವುದಿಲ್ಲ. "ನನ್ನ ಸಂಚೀನ ನಾನೇ ದಿನಾ ಎತ್ತುತೀನಿ, ಹಕ್ಕಿಗರಿ ಹಂಗಿದೆ, ಹೋಗ್ರೇ," ಅಂದಳು.

ಜಲಜತ್ತಿಗೆಗೆ ಬೇಜಾರಾಯಿತು. "ತೂಕ ಇಳಿದಿದ್ರೆ ತಾನೇ ಸಿಗೋಕೆ," ಅಂದರು, ಸೊಂಟ ಹಿಡಿದು ಏಳುತ್ತಾ.

"ಮೆಷಿನ್ನು ಒಂಬತ್ತು ಅಂತ ತೋರಿಸ್ತಲ್ಲ ಅತ್ತಿಗೆ."

"ಮೆಷಿನ್ನು ಅವರದ್ದೇ ಅಲ್ವಾ?"

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಾರನೆಯ ದಿನ ಡಾಕ್ಟರ ಹತ್ತಿರ ಹೋದೆ. ಅವರು ತಲೆ ಎತ್ತದೆಯೇ, "ಸಿಕ್ತಾ?" ಅಂದರು. ಇಲ್ಲ ಅಂದೆ. ಚೀಟಿಯಲ್ಲಿ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ತಿಂಗಳಿಗೊಂದು ಬಿ-ಹನ್ನೆರಡು ಇಂಜೆಕ್ಷನ್ ಬರೆದು, ಕೆಳಗೆ 'ಅಟ್ಟದ ಮೇಲೂ ಎತ್ತಿ ನೋಡುವುದು' ಅಂತ ಸೇರಿಸಿದರು.

"ಡಾಕ್ಟ್ರೇ, ಎಷ್ಟು ಸೆಂಟಿಮೀಟರಿಗೆ ಜೋಡಿಸಿದ್ರಿ?"

"ನೂರು. ಹೇಳಿದ್ನಲ್ಲಮ್ಮ."

"ಅಳತೆ ಹೇಗೆ ಮಾಡಿದ್ರಿ? ಕರುಳು ಎಳೆದರೆ ಉದ್ದ ಆಗುತ್ತಲ್ಲ."

ಆಗ ತಲೆ ಎತ್ತಿದರು. ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಗೊತ್ತು, ಸುಳ್ಳು ಹೇಳುವ ಮೊದಲು ಜನ ಏನನ್ನಾದರೂ ಒರೆಸುತ್ತಾರೆ. "ನೋಡಮ್ಮ, ಮೂರನೇ ವಾರ ನಿಲ್ಲೋದು ಎಲ್ಲರಿಗೂ ಇದ್ದದ್ದೇ. ಮೈ ಗಾಬರಿಯಾಗಿ ಇದ್ದಬದ್ದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತೆ. ನೀನು ದಿನಾ ನಡಿ. ಬೇಳೆ, ಮೊಟ್ಟೆ ತಿನ್ನು. ಅದು ತಾನಾಗೇ ಬಿಡುತ್ತೆ." ಮೈ ಹಿಡಿದಿಟ್ಟುಕೊಳ್ಳುತ್ತದಂತೆ. ನನ್ನ ಮೈಯನ್ನೂ ಈಗ ನಂಬುವ ಹಾಗಿಲ್ಲ ಅಂದ ಹಾಗಾಯಿತು.

ಹೊರಗೆ ಬಂದವಳು ಆಪರೇಷನ್ ಕೋಣೆಯ ಸಿಸ್ಟರ್ ಸೆಲಿನ್ ಬರುವ ತನಕ ಕಾರಿಡಾರಿನ ಬೆಂಚಿನ ಮೇಲೆ ಕಾದೆ. "ಸಿಸ್ಟರ್, ದೇವರಾಣೆ ನಿಜ ಹೇಳಿ. ನೀವು ಕಣ್ಣಾರೆ ನೋಡಿದ್ರಾ?"

"ಕ್ಯಾಮೆರಾ ಹಿಡಿದಿದ್ದೇ ನಾನಮ್ಮ. ನಿನ್ನ ಹೊಟ್ಟೆಯೊಳಗೆ ನಿನಗಿಂತ ಚೆನ್ನಾಗಿ ನಾನು ಓಡಾಡಿದ್ದೀನಿ." ಅವರು ನಕ್ಕರು. "ಗುರುತು ಹಾಕಿದ ಇಕ್ಕಳ ಇಟ್ಟು ಹತ್ತು ಹತ್ತು ಅಂತ ಅಳೆದ್ರು. ಜೋಡಿಸಿದ ಮೇಲೆ ನೀಲಿ ನೀರು ಬಿಟ್ಟು ನೋಡಿದ್ವಿ. ಒಂದು ಹನಿ ಸೋರಲಿಲ್ಲ."

ನೀಲಿ ನೀರು! ಅಷ್ಟು ಚೆಂದದ ವಿವರ ಅಷ್ಟು ಬೇಗ ಹೇಗೆ ಬಾಯಿಗೆ ಬಂತು? ಮೊದಲೇ ಕಟ್ಟಿಟ್ಟುಕೊಂಡಿದ್ದ ಮಾತಿನ ಹಾಗಿತ್ತು. ಥ್ಯಾಂಕ್ಸ್ ಹೇಳಿ ಮನೆಗೆ ಬಂದೆ, ಅನುಮಾನ ನನ್ನ ಜೊತೆಗೇ ನಡೆದು ಬಂತು.

ಆರನೆಯ ವಾರ ಮುಳ್ಳು ಅಲುಗಿತು. ಆಮೇಲೆ ಇಳಿಯುತ್ತಲೇ ಹೋಯಿತು. ನಾನು ದಿನಾ ಕೆರೆಯ ಏರಿಯ ತನಕ ನಡೆದೆ, ಮೊದಲು ಒಂದು ಸಲ, ಆಮೇಲೆ ಮೂರು ಸಲ. ಸಕ್ಕರೆ ಮಾತ್ರೆ ನಿಂತವು. ಕೂದಲು ಕಿತ್ತುಬರತೊಡಗಿತು, ಡಾಕ್ಟರು ಅದೂ ಮಾಮೂಲಿ ಅಂದರು. ರವಿಕೆಗಳು ಜೋಲಾಡತೊಡಗಿದವು. ಎಲ್ಲರೂ, "ಇಳಿದಿದ್ದೀಯ ಕಣೇ," ಅನ್ನುವರು, ಮರುಕ್ಷಣವೇ, "ಸಿಕ್ತಾ?" ಅನ್ನುವರು, ಇಲ್ಲ ಅಂದರೆ ಮುಖ ಬಾಡಿಸಿಕೊಳ್ಳುವರು. ನನಗೂ ಹಾಗೇ. ಒಂದು ಬೆಳಿಗ್ಗೆ ಹಳದಿ ರವಿಕೆ ಹಾಕಿಕೊಂಡರೆ ಎರಡು ಇಂಚು ಸಡಿಲ. ತಿರುವಿ ಹೊಲಿಗೆ ನೋಡಿದೆ. ದಾರ ಹೊಸದಾಗಿತ್ತು.

"ಅತ್ತಿಗೆ, ನನ್ನ ರವಿಕೆ ಬಿಚ್ಚಿ ದೊಡ್ಡದು ಮಾಡಿದ್ದೀರಾ?"

"ಅಯ್ಯೋ! ನಾನ್ಯಾಕೆ ಮಾಡಲಿ? ಹೋದ ದೀಪಾವಳಿಗೆ ಕಂಕುಳಲ್ಲಿ ಹರಿದಿತ್ತು, ಹೊಲಿದೆ."

"ನನ್ನ ಸಮಾಧಾನಕ್ಕೆ ಮಾಡಿರ್ತೀರಿ."

ಜಲಜತ್ತಿಗೆ ಸೌಟು ಕೆಳಗಿಟ್ಟರು. "ಅಂಬರಿ, ನಿನ್ನ ಸಮಾಧಾನಕ್ಕೆ ನಾನು ಇವತ್ತಿನ ತನಕ ಏನಾದ್ರೂ ಮಾಡಿದ್ದೀನಾ? ಹೇಳು ನೋಡೋಣ."

ಅದು ನಿಜ. ಆದರೆ ಅವತ್ತಿನಿಂದ ನಾನು ಅತ್ತಿಗೆಯ ಕೈಚೀಲ ನೋಡಲು ಶುರುಮಾಡಿದೆ. ಅವರು ತವರಿಗೆ ಹೋಗುವಾಗ ಚೀಲ ಒಂದು ಕಡೆ ವಾಲಿದರೆ, ನನ್ನ ತೂಕ ಸೇರಿದ ವಸ್ತುವನ್ನೇ ಸಾಗಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಹಾಲಿನವಳು ಪಾತ್ರೆ ಎತ್ತುವಾಗ ಏದುಸಿರು ಬಿಟ್ಟರೆ ಅವಳ ಮೇಲೂ. ಇಷ್ಟೂ ದಿನ ನಾನು ಅನುಮಾನಿಸದೆ ಇದ್ದವರು ಒಬ್ಬರೇ.

ನಾಲ್ಕು ತಿಂಗಳು ತುಂಬಿದ ಸೋಮವಾರ ಅತ್ತಿಗೆ ಅಜ್ಜಿಯ ಹಾಸಿಗೆ ಬದಲಿಸಲು ಹೋದರು. ಅಜ್ಜಿ ಕೆಲವು ದಿನದಿಂದ ತಲೆದಿಂಬಿನ ಕಡೆಗೇ ಜಾರುತ್ತಿದ್ದಳು, ಮಂಚದ ನವಾರು ಆ ಮೂಲೆಯಲ್ಲಿ ಜೋಲು ಬಿದ್ದಿತ್ತು. ವಯಸ್ಸಾಯಿತು, ನವಾರಿಗೂ ವಯಸ್ಸಾಯಿತು ಅಂತ ನಾವು ಸುಮ್ಮನಿದ್ದೆವು. ಅತ್ತಿಗೆ ಸಂಚಿಯನ್ನು ಒಂದು ಕೈಯಲ್ಲಿ ಆಚೆ ತಳ್ಳಲು ನೋಡಿದರು. ಅದು ಅಲುಗಲಿಲ್ಲ. ಎರಡು ಕೈ ಹಾಕಿದರು. ಆಮೇಲೆ ಕಿರುಚಿದರು.

"ಸಿಕ್ತೂ! ರೀ, ಬನ್ರೀ, ಸಿಕ್ತು!"

ಅಣ್ಣ ಓಡಿ ಬಂದ. ಸಂಚಿ ಬಿಚ್ಚಿದರೆ ಒಣಗಿದ ಎಲೆ, ನಾಲ್ಕು ಅಡಿಕೆ ಚೂರು, ಗಿಳಿ ಮುಚ್ಚಳದ, ನೆಲ್ಲಿಕಾಯಿ ಗಾತ್ರದ ಬೆಳ್ಳಿ ಡಬ್ಬಿ. ಅಣ್ಣ ಎರಡು ಬೆರಳಲ್ಲಿ ಎತ್ತಲು ಹೋಗಿ ಬೆರಳು ಉಳುಕಿಸಿಕೊಂಡ. ಕೊನೆಗೆ ದುಪ್ಪಟಿಯಲ್ಲಿ ಉರುಳಿಸಿ ಇಬ್ಬರೂ ಎರಡು ಕಡೆ ಹಿಡಿದು ನಡುಮನೆಯ ಗೂಡಿಗೆ ಸಾಗಿಸಿದರು. ಆಸ್ಪತ್ರೆಯ ಯಂತ್ರದ ಪ್ರಕಾರ ನಾನು ಅಲ್ಲಿಯವರೆಗೆ ಇಳಿದದ್ದು ಮೂವತ್ತು ಕೆಜಿ, ಡಬ್ಬಿಯೂ ಅಷ್ಟೇ, ಹೆಚ್ಚಿಲ್ಲ ಕಡಿಮೆಯಿಲ್ಲ. ಅಂದರೆ ಡಾಕ್ಟರು ಸುಳ್ಳು ಹೇಳಿರಲಿಲ್ಲ. ನೀಲಿ ನೀರೂ ಸುಳ್ಳಲ್ಲ. ನಾನು ಕುಣಿಯಬೇಕಿತ್ತು. ಆದರೆ ಅದು ಹೋಗಿ ಸೇರಿದ್ದು ನಾನು ಹೊಸ್ತಿಲು ದಾಟಿಸುತ್ತೇನೆಂದು ಮಾತು ಕೊಟ್ಟಿದ್ದ ಡಬ್ಬಿಗೇ.

ಅತ್ತಿಗೆ ಅರಿಶಿನ ತರಲು ಒಳಗೆ ಹೋದಾಗ ಅಜ್ಜಿಯ ಪಕ್ಕ ಕೂತೆ. "ನಿನಗೆ ಯಾವಾಗಿಂದ ಗೊತ್ತು?"

"ಎರಡನೇ ವಾರದಿಂದ." ಅಜ್ಜಿ ನನ್ನ ಮುಖ ನೋಡಲಿಲ್ಲ. "ಸುಣ್ಣ ತೆಗೆಯೋಕೆ ಹೋದೆ, ಎತ್ತೋಕೆ ಆಗಲಿಲ್ಲ."

"ಹಕ್ಕಿಗರಿ ಅಂದೆಯಲ್ಲ ಅಜ್ಜಿ! ನಾನು ಇಲ್ಲಿ ಕರುಳು ಜೋಡಿಸಿದ್ದಾರೋ ಇಲ್ವೋ ಅಂತ ಸಾಯ್ತಿದ್ರೆ, ನೀನು ಅದರ ಮೇಲೇ ತಲೆ ಇಟ್ಟು ಮಲಗಿದ್ದೆಯಾ?"

"ಹೇಳಿದ್ರೆ ಗೋಡೆಗೆ ಹಾಕಿಬಿಡ್ತಿದ್ರು. ನೀನೂ ಬೇಡ ಅಂತಿರಲಿಲ್ಲ." ಸಂಚಿ ಇದ್ದ ಜಾಗ ಸವರುತ್ತಾ, "ಹೇಳು, ಕೊಡ್ತಿದ್ಯಾ?" ಅಂದಳು.

ಕೊಡುತ್ತಿರಲಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಅಣ್ಣ ಗಾರೆಯವನಿಗೆ ಹೇಳಿ ಕಳಿಸಿದ, ಅವನು ಶುಕ್ರವಾರ ಬೆಳಿಗ್ಗೆ ಬರುತ್ತೇನೆಂದ. ನನಗೆ ಮೂರು ದಿನವಿತ್ತು.

ಮಂಗಳವಾರ ದರ್ಜಿ ಮೈಲಾರಪ್ಪನ ಅಂಗಡಿಗೆ ಹೋದೆ. ಅವನೂ ಇದೇ ಆಪರೇಷನ್ ಮಾಡಿಸಿಕೊಂಡವನು. ಅವನ ತೂಕ ಕೊಡೆಗೆ ಸೇರಿತ್ತು. ಗಾರೆ ಹಾಕುವ ಮೊದಲೇ ಅವನ ಹೆಂಡತಿ ಮರೆತು ತಮ್ಮನ ಜೊತೆ ಅದನ್ನು ತವರಿಗೆ ಕಳಿಸಿದಳು. ವರ್ಷದೊಳಗೆ ಇಪ್ಪತ್ತೆಂಟು ಕೆಜಿ ವಾಪಸ್. ಹೊಸ್ತಿಲು ದಾಟಿಸಬಾರದು ಅನ್ನುವುದಕ್ಕೆ ಇಡೀ ಊರು ತೋರಿಸುವುದು ಅವನನ್ನೇ.

"ಮೈಲಾರಣ್ಣ, ವಾಪಸ್ ಬಂದಾಗ ನೀವು ಏನು ತಿಂತಿದ್ರಿ?"

"ಏನೂ ತಿಂತಿರಲಿಲ್ಲ ತಾಯಿ! ಎರಡು ತುತ್ತು ಅನ್ನ ಇಳೀತಿರಲಿಲ್ಲ. ಬರೀ ಕಬ್ಬಿನ ಹಾಲಲ್ಲಿ ಜೀವ ಹಿಡ್ಕೊಂಡಿದ್ದೆ."

"ದಿನಕ್ಕೆ ಎಷ್ಟು ಲೋಟ?"

ಅವನು ಟೇಪು ಕೊರಳಿಗೆ ಹಾಕಿಕೊಂಡ. "ನೀನೇನು ಪೊಲೀಸಾ? ಕೊಡೆ ಹೋಯ್ತು, ತೂಕ ಬಂತು. ಅಷ್ಟೇ."

ಬುಧವಾರ ಡಾಕ್ಟರನ್ನು ಕೇಳಿದೆ, ಹೊಸ್ತಿಲು ದಾಟಿಸಿದರೆ ವಾಪಸ್ ಬರುವುದು ನಿಜವೇ ಅಂತ. "ನಾನು ಹೊಟ್ಟೆಯ ಡಾಕ್ಟರಮ್ಮ, ಡಬ್ಬಿಯ ಡಾಕ್ಟರಲ್ಲ," ಅಂದರು. "ಬಂದರೆ ಬಾಯಿಂದ ಬರುತ್ತೆ. ಬೇರೆ ದಾರಿಯಿಂದ ಬಂದದ್ದು ನಾನಂತೂ ನೋಡಿಲ್ಲ." ಸಮಾಧಾನವಾಗುವಷ್ಟರಲ್ಲಿ ಅವರ ಹಿಂದಿನ ಗೋಡೆ ಕಣ್ಣಿಗೆ ಬಿತ್ತು. ಅಲ್ಲೂ ಒಂದು ತೇಪೆ, ಮೇಲೆ ಹೊಸ ಕುಂಕುಮ. ಯಾರದ್ದು ಅಂತ ಕೇಳಲಿಲ್ಲ. ಡಾಕ್ಟರು ತೆಳ್ಳಗಿದ್ದರು.

ಗುರುವಾರ ಬೆಳಿಗ್ಗೆ ಅತ್ತಿಗೆ ಹಿಟ್ಟಿನ ಗಿರಣಿಗೆ ಹೋದರು, ಅಣ್ಣ ಕೆಲಸಕ್ಕೆ. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಯಾವಾಗ ಹತ್ತುತ್ತೀಯಾ ಅಂತ ದಿನಾ ಬೆಳಿಗ್ಗೆ ಕೇಳುತ್ತಿದ್ದವಳು ಸೋಮವಾರದಿಂದ ಕೇಳಿರಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು. ಆ ಬೆನ್ನಿನ ಜೊತೆ ಏನು ಜಗಳ ಆಡುವುದು?

"ನಿನ್ನ ಹಳೇ ಇಳಕಲ್ ಸೀರೆ ಎಲ್ಲಿ?" ಅಂದೆ.

ಅಜ್ಜಿ ತಿರುಗಿದಳು. ನಾಲ್ಕು ತಿಂಗಳಲ್ಲಿ ಅಷ್ಟು ಬೇಗ ತಿರುಗಿದ್ದನ್ನು ನಾನು ನೋಡಿರಲಿಲ್ಲ.

ಕೈಯಲ್ಲಿ ಹಿಡಿದರೆ ಡಬ್ಬಿ ಬೆರಳು ಮುರಿಯುತ್ತದೆ, ಚೀಲಕ್ಕೆ ಹಾಕಿದರೆ ಚೀಲ ಹರಿಯುತ್ತದೆ, ತಲೆಯ ಮೇಲಿಟ್ಟರೆ ನೆತ್ತಿ ಒಳಗೆ ಹೋಗುತ್ತದೆ. ಸೀರೆಯನ್ನು ಎಂಟು ಮಡಿಕೆ ಮಾಡಿ ಸೊಂಟಕ್ಕೆ ಸುತ್ತಿದೆ. ಗೂಡಿಗೆ ಹೊಟ್ಟೆ ಆನಿಸಿ ನಿಂತು ಡಬ್ಬಿಯನ್ನು ಮಡಿಲಿಗೆ ಉರುಳಿಸಿಕೊಂಡೆ. ಮಂಚದ ಹತ್ತಿರ ಬಾಗಿದಾಗ ಅಜ್ಜಿ ಗಂಟು ಬಿಗಿದಳು. ನೆಟ್ಟಗೆ ನಿಂತೆ. ಎಲ್ಲಿಂದ ಹೋಗಿತ್ತೋ ಅಲ್ಲಿಗೇ ಬಂದು ಕೂತಿತ್ತು. ನನ್ನ ಕಾಲುಗಳಿಗೆ ಅದರ ಗುರುತು ಹತ್ತಿತು, ಹಳೆಯ ನಡಿಗೆ ತಾನಾಗಿ ಬಂತು.

ಹೊಸ್ತಿಲು ದಾಟುವಾಗ ಉಸಿರು ಬಿಗಿಹಿಡಿದೆ. ತೋಳು ಒತ್ತಿ ನೋಡಿಕೊಂಡೆ. ಕೆನ್ನೆ ಮುಟ್ಟಿ ನೋಡಿಕೊಂಡೆ. ಏನೂ ಬಂದ ಹಾಗಿರಲಿಲ್ಲ. ಆದರೆ ಬರುವುದಾದರೆ ಹೇಳಿಕೇಳಿ ಬರುತ್ತದೆಯೇ? ಮೈಲಾರಪ್ಪನಿಗೂ ವರ್ಷ ಹಿಡಿಯಿತು.

ಇಪ್ಪತ್ತನೆಯ ಮೆಟ್ಟಿಲಲ್ಲಿ ನಿಂತೆ, ಅಭ್ಯಾಸಬಲದಿಂದ. ಕಣ್ಣು ಕತ್ತಲೆ ಬರಲಿಲ್ಲ. ಮೂವತ್ತು, ನಲವತ್ತು. ಎಪ್ಪತ್ತಕ್ಕೆ ಮಂಡಿ ಲಟಕ್ ಅಂದಿತು. ನೂರನೆಯ ಮೆಟ್ಟಿಲ ಕಟ್ಟೆಯಲ್ಲಿ ಗಂಟು ಸಡಿಲಿಸಿ ಡಬ್ಬಿಯನ್ನು ಪಕ್ಕದಲ್ಲಿಟ್ಟು ಕೂತೆ. ಕೂತ ಮೇಲೆ ಹೊಳೆಯಿತು: ಇಪ್ಪತ್ತಾರು ವರ್ಷದಲ್ಲಿ ಈ ಭಾರವನ್ನು ನಾನು ಒಂದು ಸಲವೂ ಕೆಳಗಿಟ್ಟು ಕೂತಿರಲಿಲ್ಲ. ಮಲಗುವಾಗಲೂ ಹೊತ್ತುಕೊಂಡೇ ಮಲಗುತ್ತಿದ್ದೆ. ಬಾಟಲಿ ತೆಗೆದು ಒಂದು ಗುಟುಕು ನೀರು, ಸ್ವಲ್ಪ ಬಿಟ್ಟು ಇನ್ನೊಂದು. ಕೋಳಿಮೊಟ್ಟೆಯಷ್ಟೇ ಇರುವ ಚೀಲಕ್ಕೆ ಅವಸರ ಆಗುವುದಿಲ್ಲ.

ಮತ್ತೆ ಕಟ್ಟಿಕೊಂಡು ನೂರೈವತ್ತಕ್ಕೆ ಬಂದಾಗ ಅಲ್ಲಿ ಪಾನಕ ಮಾರುವ ಹೆಂಗಸು ಕೂಗಿದಳು. "ಏನೇ ಅಂಬಾರಿ, ಇಳಿದಿದ್ದೀಯ ಅಂತಿದ್ರು, ಮುಖ ಇಳಿದಿದೆ, ಹೊಟ್ಟೆ ಹಂಗೇ ಇದೆಯಲ್ಲೇ! ಎಷ್ಟು ತಿಂಗಳು?"

"ನಲವತ್ತೆರಡು ವರ್ಷ," ಅಂದೆ.

ಅವಳು ಬೆಲ್ಲದ ಪಾನಕದ ಲೋಟ ಚಾಚಿದಳು, ಪುಕ್ಕಟೆ, ತಗೋ ಅಂತ. ಬಾಯಲ್ಲಿ ನೀರೂರಿತು. ಒಂದು ಲೋಟ ಬೆಲ್ಲ ಸೀದಾ ಕರುಳಿಗೆ ಇಳಿದರೆ ಎದೆ ಡವಗುಟ್ಟಿ, ಬೆವರಿ, ಅಲ್ಲೇ ಬೀಳುತ್ತೇನೆಂದು ಗೊತ್ತಿತ್ತು. ಒಮ್ಮೆ ಬರ್ಫಿಯ ಚೂರು ತಿಂದು ನೋಡಿದ್ದೆ. ಜೊತೆಗೆ ಪುಕ್ಕಟೆ ಯಾಕೆ ಕೊಡುತ್ತಾಳೆ ಅನ್ನುವ ಅನುಮಾನ ಬೇರೆ. ಬೇಡ ಅಂತ ಮುಂದೆ ಹೋದೆ. ಇನ್ನೂರರಲ್ಲಿ ಕೂತೆ, ಇನ್ನೂರೈವತ್ತರಲ್ಲಿ ಕೂತೆ, ಆಮೇಲೆ ಹತ್ತು ಹತ್ತಕ್ಕೆ ಕೂತೆ. ಕೂತಾಗಲೆಲ್ಲ ತೋಳು ಒತ್ತಿ ನೋಡಿಕೊಂಡೆ.

ಚೌಡಜ್ಜಿಯ ಮನೆ ಕೇಳದೆಯೇ ಗೊತ್ತಾಯಿತು, ಅಜ್ಜಿ ಅಷ್ಟು ಸಲ ಹೇಳಿದ್ದಳು. ಜಗುಲಿಯ ಮೇಲೆ ಸಣ್ಣ ಆಕೃತಿಯೊಂದು ಕೂತು ತೊಡೆಯ ಮೇಲೆ ಹೂಬತ್ತಿ ಹೊಸೆಯುತ್ತಿತ್ತು. ನಾನು ಯಾರೆಂದು ಹೇಳಿದೆ. ಹೊಸೆಯುವ ಕೈ ನಿಂತಿತು.

"ದೇವೀರಿ ಮೊಮ್ಮಗಳಾ? ಅವಳಿನ್ನೂ ಇದ್ದಾಳಾ?"

"ಇದ್ದಾಳೆ. ಇದನ್ನ ನಿಮಗೆ ಕೊಡು ಅಂದ್ಳು."

ಗಂಟು ಬಿಚ್ಚಿದೆ. ಚೌಡಜ್ಜಿ ಗಿಳಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ಎತ್ತಲು ಹೋದಳು, ಆಗಲಿಲ್ಲ. ಕಣ್ಣು ಕಿರಿದಾಯಿತು. "ನನ್ನ ಡಬ್ಬಿ ಇಷ್ಟು ಭಾರ ಇರಲಿಲ್ಲ. ಏನು ತುಂಬಿದ್ದೀರ ಇದರಲ್ಲಿ?"

"ಅದು ನನ್ನ ತೂಕ ಅಜ್ಜಿ. ಆಪರೇಷನ್ ಆಯ್ತು. ಇದಕ್ಕೇ ಬಂದು ಸೇರಿತು."

"ನಿನ್ನ ತೂಕ ನನ್ನ ಮನೆಯಲ್ಲಿ ಯಾಕೆ ಇಟ್ಟುಕೊಳ್ಳಲಿ? ನಾಳೆ ನಿನಗೆ ವಾಪಸ್ ಬಂದ್ರೆ, ಚೌಡವ್ವ ಮಾಟ ಮಾಡಿದ್ಳು ಅಂತೀರಿ. ಬೇಡಮ್ಮ, ತಗೊಂಡು ಹೋಗು." ಅವಳು ಹತ್ತಿ ಕೈಗೆತ್ತಿಕೊಂಡಳು. "ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಕಳಿಸಿದ್ಳು? ಎಲ್ಲಿ ಸಿಕ್ತಂತೆ?"

ಸಿಕ್ಕಿತು ಅಂದುಬಿಡಬಹುದಿತ್ತು. ಬಾವಿಯಲ್ಲಿ ಸಿಕ್ಕಿತು, ಹಳೇ ಟ್ರಂಕಿನಲ್ಲಿ ಸಿಕ್ಕಿತು. ಕಥೆ ಕಟ್ಟುವುದು ನನಗೆ ಬರದೆ ಇರುವ ವಿದ್ಯೆಯೇನೂ ಅಲ್ಲ.

"ಸಿಗಲಿಲ್ಲ ಅಜ್ಜಿ. ಕದ್ದಿದ್ದಳು. ಕದ್ದವಳು ದೇವೀರಿ ಅಂತ ಬಾಯಿಬಿಟ್ಟು ಹೇಳು ಅಂದ್ಳು. ಅದಕ್ಕೇ ಬಂದೆ."

ಚೌಡಜ್ಜಿ ಬೈಯಲಿಲ್ಲ. ಹೊಸೆದ ಬತ್ತಿಯೊಂದನ್ನು ಬಿಚ್ಚಿ ಮತ್ತೆ ಹತ್ತಿ ಮಾಡಿದಳು. "ನನಗೊಬ್ಬಳು ನಾದಿನಿ ಇದ್ಳು. ಪಾರು ಅಂತ. ಗಂಡ ಬಿಟ್ಟವಳು, ನಮ್ಮನೇಲೇ ಇದ್ಳು. ಡಬ್ಬಿ ಹೋದಾಗ ಎಲ್ಲರನ್ನೂ ಕೇಳಿದೆ. ನಿಮ್ಮಜ್ಜಿ ನೋಡೇ ಇಲ್ಲ ಅಂದ್ಳು. ದೇವೀರಿ ಸುಳ್ಳು ಹೇಳ್ತಾಳಾ? ಹಂಗಾದ್ರೆ ಇನ್ಯಾರು ಉಳಿದ್ರು? ಪಾರು ಟ್ರಂಕು ಬೀದಿಗೆ ತಂದು ಸುರಿದೆ. ಅವಳ ಒಳಲಂಗ ಕೂಡ ಕೊಡವಿ ಕೊಡವಿ ನೋಡಿದೆ, ಬೀದಿಯವರೆಲ್ಲ ನಿಂತಿದ್ರು. ಸಿಗಲಿಲ್ಲ. ಸಿಗದೆ ಇದ್ದದ್ದಕ್ಕೂ, ಎಲ್ಲೋ ಮಾರಿದ್ದಾಳೆ ಅಂದೆ. ಆ ಟ್ರಂಕು ಅಲ್ಲೇ ಬಿಟ್ಟು ಮೆಟ್ಟಿಲು ಇಳಿದು ಹೋದ್ಳು. ಎಲ್ಲಿ ಹೋದ್ಳೋ. ಇದ್ದಾಳೋ ಇಲ್ವೋ."

ನನಗೆ ಹಳದಿ ರವಿಕೆ ನೆನಪಾಯಿತು. ಅತ್ತಿಗೆಯ ಕೈಚೀಲ ನೆನಪಾಯಿತು. ಬಿಸಿಲಲ್ಲಿ ಹತ್ತಿ ಬಂದ ಬೆವರು ಆರುತ್ತಿತ್ತು, ಆದರೂ ಮುಖ ಸುಡುತ್ತಿತ್ತು.

"ಇದು ಅಜ್ಜಿಗೆ ಗೊತ್ತಿಲ್ಲ," ಅಂದೆ ಮೆಲ್ಲಗೆ.

"ಈಗ ನಿನಗೆ ಗೊತ್ತಾಯ್ತಲ್ಲ. ಅವಳಿಗೂ ಗೊತ್ತಾಗಲಿ." ಚೌಡಜ್ಜಿ ಹತ್ತಿಯ ಬುಟ್ಟಿ ಆಚೆ ಸರಿಸಿ ಎದುರಿನ ನೆಲ ತಟ್ಟಿದಳು. "ಇಡು. ಇಲ್ಲಿ."

ನಾನು ಮಂಡಿಯೂರಿ ಡಬ್ಬಿಯನ್ನು ಇಳಿಸಿದೆ. ಜಗುಲಿಯ ಕಲ್ಲು ಠಣ್ ಅಂದಿತು. ಚೌಡಜ್ಜಿ ಅದನ್ನು ಎತ್ತುವ ಗೋಜಿಗೆ ಹೋಗಲಿಲ್ಲ. ತಾನೇ ಅದರತ್ತ ಬಾಗಿ, ಉಗುರಿನಿಂದ ಗಿಳಿಯನ್ನು ಮೀಟಿ ಮುಚ್ಚಳ ತೆರೆದಳು. ಒಳಗಿನ ಸುಣ್ಣ ಒಣಗಿ ಕಲ್ಲಾಗಿತ್ತು. ನನ್ನ ಬಾಟಲಿ ಕೇಳಿ ತಗೊಂಡು ಎರಡು ಹನಿ ಬಿಟ್ಟಳು, ಬೆರಳ ತುದಿಯಲ್ಲಿ ಕೆರೆದಳು, ಕೆರೆದಳು, ಸ್ವಲ್ಪ ಬಿಳಿ ಅಂಟಿತು. ಸೊಂಟದ ಚೀಲದಿಂದ ಒಂದು ಎಲೆ ತೆಗೆದು ಅದರ ಬೆನ್ನಿಗೆ ಸವರಿ, ಮಡಚಿ, ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ದವಡೆ ಬಹಳ ಹೊತ್ತು ಆಡಿತು.

"ತಗೊಂಡಳು ಅಂತ ಹೇಳು," ಅಂದಳು ಕೊನೆಗೆ. "ಕ್ಷಮಿಸಿದಳು ಅಂತ ಹೇಳಬೇಡ. ತಗೊಂಡಳು ಅಂತ ಮಾತ್ರ ಹೇಳು."

ಆಯ್ತು ಅಂದೆ. ಸೀರೆ ಮಡಚಿಕೊಂಡು ಎದ್ದೆ.